ತೊಟ್ಟಿ ನೀರಿನ ವರದಿಯಲ್ಲಿ ಇ. ಕೋಲಿ: ಅಕ್ವಾಪೋನಿಕ್ಸ್‌ನ ಮೂಲಂಗಿ, ಕ್ಯಾರೆಟ್ ತಿನ್ನುವ ಮುನ್ನ ದೋಷ ಪತ್ತೆ

ಮೀನಿನ ತೊಟ್ಟಿಯ ನೀರಿನಲ್ಲಿ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಇದೆ ಎಂಬ ಪ್ರಯೋಗಾಲಯದ ವರದಿ ಕೈಗೆ ಬಂದ ಕೂಡಲೇ ಬ್ಲೀಚಿಂಗ್ ಪೌಡರ್ ಡಬ್ಬಿಗೆ ಕೈ ಹಾಕುವವರನ್ನು ಎದುರಿಗಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ತಡೆಯಿರಿ. ತೊಟ್ಟಿಗೆ ಕ್ಲೋರಿನ್ ಬಿದ್ದರೆ ಮೊದಲು ಸಾಯುವುದು ಮೀನು, ಅದರ ಬೆನ್ನಿಗೇ ಮೀನಿನ ಹಿಕ್ಕೆಯ ಅಮೋನಿಯವನ್ನು ಗಿಡದ ಊಟವಾದ ನೈಟ್ರೇಟ್ ಮಾಡಿಕೊಡುವ ಬ್ಯಾಕ್ಟೀರಿಯಾ. ಕೊಳೆ ಎಲ್ಲಿಂದ ಬರುತ್ತಿತ್ತೋ ಅಲ್ಲಿಂದ ಮರುದಿನವೂ ಬರುತ್ತಲೇ ಇರುತ್ತದೆ.

ಅಕ್ವಾಪೋನಿಕ್ಸ್, ಅಂದರೆ ಮೀನು ಸಾಕುವ ತೊಟ್ಟಿಯ ನೀರನ್ನೇ ಗಿಡದ ಬೆಡ್‌ಗೆ (ಪಾತಿಗೆ) ಹರಿಸಿ ತರಕಾರಿ ಬೆಳೆಯುವ ಪದ್ಧತಿ, ಅದನ್ನು ಮಾಡುವವರು ಸಾಮಾನ್ಯವಾಗಿ ಸೊಪ್ಪಿನಿಂದ ಶುರು ಮಾಡುತ್ತಾರೆ. ಪಾಲಕ್, ಲೆಟ್ಯೂಸ್ ಚೆನ್ನಾಗಿ ಬಂದ ಮೇಲೆ ಧೈರ್ಯ ತಂದುಕೊಂಡು ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್ ಬಿತ್ತುತ್ತಾರೆ. ನೀರು ಅದೇ, ಮೀನು ಅದೇ, ಇಷ್ಟು ದಿನ ಯಾರಿಗೂ ಏನೂ ಆಗಲಿಲ್ಲ ಎಂಬ ವಾದ ಜೊತೆಗಿರುತ್ತದೆ. ಸೊಪ್ಪಿನಲ್ಲಿ ಮೀನಿನ ನೀರು ತಾಗುವುದು ಬೇರಿಗೆ, ನಾವು ತಿನ್ನುವುದು ಎಲೆಯನ್ನು. ಗೆಡ್ಡೆ ತರಕಾರಿಯಲ್ಲಿ ತಿನ್ನುವ ಭಾಗವೇ ನೀರಿನಲ್ಲಿ ಕೂತಿರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೆಟ್ಯೂಸ್, ಬೇಸಿಲ್, ಟೊಮೆಟೊ ಬೆಳೆದ ಅಕ್ವಾಪೋನಿಕ್ಸ್ ವ್ಯವಸ್ಥೆಯ ನೀರಿನಲ್ಲೂ ಬೇರಿನ ಮೇಲ್ಮೈಯಲ್ಲೂ ವಿಷಕಾರಕ ತಳಿಯ ಇ. ಕೋಲಿ ಸಿಕ್ಕಿತ್ತು, ತಿನ್ನುವ ಭಾಗದಲ್ಲಿ ಸಿಕ್ಕಿರಲಿಲ್ಲ. ಸೊಪ್ಪು ಬೆಳೆಯುವವರಿಗೆ ಇದು ನೆಮ್ಮದಿಯ ಸುದ್ದಿ. ಮೂಲಂಗಿ ಬೆಳೆಯುವವರು ಅದೇ ವಾಕ್ಯವನ್ನು ಇನ್ನೊಮ್ಮೆ ಓದಬೇಕು.

ಮೀನು ಶೀತರಕ್ತದ ಪ್ರಾಣಿ. ಇ. ಕೋಲಿ ಅದರ ಕರುಳಿನ ಕಾಯಂ ನಿವಾಸಿಯಲ್ಲ. ಹಸು, ಕೋಳಿ, ಪಾರಿವಾಳ, ಇಲಿ, ನಾಯಿ, ಮನುಷ್ಯ ಇವರ ಕರುಳಿನದು. ಆದ್ದರಿಂದ ತೊಟ್ಟಿಯ ನೀರಿನಲ್ಲಿ ಇ. ಕೋಲಿ ಕಂಡಿತೆಂದರೆ ಬಿಸಿರಕ್ತದ ಪ್ರಾಣಿಯೊಂದರ ಮಲ ಎಲ್ಲಿಂದಲೋ ಒಳಗೆ ಬಂದಿದೆ ಎಂದರ್ಥ. ಅದು ಯಾವ ದಾರಿಯಿಂದ ಬಂತು ಎಂಬುದನ್ನು ಹಿಡಿಯುವುದೇ ಇಲ್ಲಿಯ ಕೆಲಸ.

ವರದಿಯಲ್ಲಿ ಏನು ಬರೆದಿದೆ ಎಂದು ಮೊದಲು ನೋಡಿ

ವರದಿಯಲ್ಲಿ ಎರಡು ಸಾಲುಗಳಿರುತ್ತವೆ: ಒಟ್ಟು ಕೋಲಿಫಾರ್ಮ್ ಮತ್ತು ಇ. ಕೋಲಿ. ಗಾಬರಿಯ ಕರೆಗಳಲ್ಲಿ ಬಹುಪಾಲು ಮೊದಲನೆಯ ಸಾಲಿನದು. ಒಟ್ಟು ಕೋಲಿಫಾರ್ಮ್ ಗುಂಪಿನ ಎಷ್ಟೋ ಬ್ಯಾಕ್ಟೀರಿಯಾಗಳು ಮಣ್ಣು, ಎಲೆ, ಕೊಳೆತ ಬೇರು ಎಲ್ಲದರಲ್ಲೂ ಸಹಜವಾಗಿ ಬದುಕುತ್ತವೆ. ಮೀನಿನ ಹಿಕ್ಕೆ, ಮಿಕ್ಕ ಮೇವು, ಬೇರಿನ ಚೂರು ಸೇರಿ ಕೊಳೆಯುವ ನೀರಿನಲ್ಲಿ ಅವು ಇಲ್ಲದಿದ್ದರೇ ಆಶ್ಚರ್ಯ. ಕುಡಿಯುವ ನೀರಿನ ಮಾನದಂಡವನ್ನು ತೊಟ್ಟಿ ನೀರಿಗೆ ಹಚ್ಚಿ ‘ಅಯೋಗ್ಯ’ ಎಂಬ ಮುದ್ರೆ ಒತ್ತಿಸಿಕೊಂಡು ಬರುವುದರಿಂದ ಏನೂ ತಿಳಿಯುವುದಿಲ್ಲ. ಎರಡನೆಯ ಸಾಲನ್ನು ನೋಡಿ. ಅದು ಇಲ್ಲದಿದ್ದರೆ ಇ. ಕೋಲಿಯನ್ನು ಪ್ರತ್ಯೇಕವಾಗಿ ಎಣಿಸಿಕೊಡುವಂತೆ ಕೇಳಿ. ‘ಇದೆ’ ಅಥವಾ ‘ಇಲ್ಲ’ ಎಂಬಷ್ಟೇ ಉತ್ತರ ಸಾಲದು, 100 ಮಿ.ಲೀ. ನೀರಿಗೆ ಎಷ್ಟು ಎಂಬ ಸಂಖ್ಯೆ ಬೇಕು. ಸಂಖ್ಯೆ ಇಲ್ಲದೆ ಒಂದು ಜಾಗವನ್ನು ಇನ್ನೊಂದರ ಜೊತೆ ಹೋಲಿಸಲಾಗದು.

ಗ್ರಾಮ ಪಂಚಾಯಿತಿಗಳಲ್ಲಿ ಕುಡಿಯುವ ನೀರಿನ ಪರೀಕ್ಷೆಗೆ ಕೊಡುವ ಎಚ್2ಎಸ್ ಬಾಟಲಿಯಲ್ಲಿ ತೊಟ್ಟಿ ನೀರು ತುಂಬಿಸಿಟ್ಟು, ಮಾರನೆಯ ದಿನ ಅದು ಕಪ್ಪಗಾದದ್ದನ್ನು ಫೋಟೊ ತೆಗೆದು ಕಳಿಸುವವರೂ ಇದ್ದಾರೆ. ಬೋರ್‌ವೆಲ್ ನೀರಿಗೆ ಅದು ಒಳ್ಳೆಯ, ಅಗ್ಗದ ಪರೀಕ್ಷೆ. ಆದರೆ ಅದು ಗುರುತಿಸುವುದು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುವ ಬ್ಯಾಕ್ಟೀರಿಯಾವನ್ನು. ಮೀನಿನ ತೊಟ್ಟಿಯ ತಳದ ಕೆಸರಿನಲ್ಲಿ ಗಾಳಿಯಾಡದ ಕಡೆ ಸಲ್ಫೇಟ್ ತಿಂದು ಅದೇ ಅನಿಲ ಬಿಡುವ ನಿರುಪದ್ರವಿ ಬ್ಯಾಕ್ಟೀರಿಯಾಗಳು ಬೇಕಾದಷ್ಟಿರುತ್ತವೆ. ಅಲ್ಲಿ ಬಾಟಲಿ ಕಪ್ಪಗಾಗದೆ ಇರುವುದೇ ಅಪರೂಪ. ಈ ಬಾಟಲಿಯನ್ನು ತೊಟ್ಟಿಗೆ ತುಂಬಿಸುವ ಮೂಲ ನೀರಿಗೆ ಮಾತ್ರ ಬಳಸಿ.

ಸಂಖ್ಯೆ ಎಷ್ಟಿದ್ದರೆ ಚಿಂತೆ? ಅಮೆರಿಕದ ತಾಜಾ ತರಕಾರಿ ಸುರಕ್ಷತಾ ನಿಯಮ 2015ರಲ್ಲಿ ಬಂದಾಗ, ಬೆಳೆಯುವಾಗ ತರಕಾರಿಗೆ ತಾಗುವ ನೀರಿಗೆ 100 ಮಿ.ಲೀ.ಗೆ ಸರಾಸರಿ 126 ಇ. ಕೋಲಿ ಎಂಬ ಗೆರೆ ಎಳೆದಿತ್ತು. 2024ರ ತಿದ್ದುಪಡಿಯಲ್ಲಿ ಆ ಗೆರೆಯನ್ನು ಕೈಬಿಟ್ಟು, ನೀರು ಎಲ್ಲಿಂದ ಬರುತ್ತದೆ, ಹೇಗೆ ತಾಗುತ್ತದೆ ಎಂದು ಇಡೀ ವ್ಯವಸ್ಥೆಯನ್ನು ಅಳೆಯುವ ಪದ್ಧತಿ ತಂದರು. ಕೊಯ್ಲಿನ ಹೊತ್ತಿಗೆ ಮತ್ತು ಆಮೇಲೆ ತೊಳೆಯಲು ಬಳಸುವ ನೀರಿನಲ್ಲಿ ಮಾತ್ರ 100 ಮಿ.ಲೀ.ಗೆ ಒಂದೂ ಇರಕೂಡದು ಎಂಬ ಷರತ್ತು ಹಾಗೆಯೇ ಉಳಿದಿದೆ. ನಾನು ಮನೆಮಟ್ಟದಲ್ಲಿ ಇಟ್ಟುಕೊಂಡಿರುವ ಲೆಕ್ಕ ಹೀಗಿದೆ: ಬೇಯಿಸಿ ತಿನ್ನುವ ಗೆಡ್ಡೆಗೆ ನೂರರೊಳಗಿನ ಸಂಖ್ಯೆ ಬಂದರೆ ಕಾರಣ ಹುಡುಕುತ್ತಾ ಬೆಳೆ ಮುಂದುವರಿಸಬಹುದು, ಹಸಿ ತಿನ್ನುವ ಗೆಡ್ಡೆಗೆ ಕೊಯ್ಲಿನ ಹೊತ್ತಿನ ನೀರಿನಲ್ಲಿ ಸೊನ್ನೆಯೇ ಬರಬೇಕು. ಹಸಿ ಕ್ಯಾರೆಟ್‌ನಲ್ಲಿ ರಾಜಿಯಿಲ್ಲ.

ನಾಲ್ಕು ಬಾಟಲಿ, ನಾಲ್ಕು ಜಾಗ

ಒಂದೇ ಬಾಟಲಿ ನೀರು ಕೊಟ್ಟು ಉತ್ತರ ಕೇಳಿದರೆ ಒಂದು ಸಂಖ್ಯೆ ಸಿಗುತ್ತದೆ, ದಾರಿ ಸಿಗುವುದಿಲ್ಲ. ಖರ್ಚಾದರೂ ಪರವಾಗಿಲ್ಲ, ಒಂದೇ ದಿನ ನಾಲ್ಕು ಮಾದರಿ ತೆಗೆಯಿರಿ: ತೊಟ್ಟಿಗೆ ತುಂಬಿಸುವ ಮೂಲ ನೀರು, ಮೀನಿನ ತೊಟ್ಟಿ, ಗೆಡ್ಡೆ ಬೆಳೆಯುವ ಬೆಡ್‌ನಿಂದ ಸೈಫನ್ (ಬೆಡ್ ತುಂಬಿದಾಗ ನೀರನ್ನು ತಾನಾಗಿ ಬಸಿಯುವ ಕೊಳವೆ) ಮೂಲಕ ಹೊರಬೀಳುವ ನೀರು, ಕೊಯ್ದ ತರಕಾರಿ ತೊಳೆಯುವ ನಲ್ಲಿಯ ನೀರು. ಕೈಯಲ್ಲಿ ಹಣವಿದ್ದರೆ ಐದನೆಯದಾಗಿ ತೊಳೆಯದ ಒಂದು ಮೂಲಂಗಿಯನ್ನೂ ಹೊಸ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡಿ.

ಮಾದರಿ ತೆಗೆಯುವ ರೀತಿಯಲ್ಲೇ ಅರ್ಧ ವರದಿಗಳು ಕೆಟ್ಟು ಹೋಗುತ್ತವೆ. ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧ ಬಾಟಲಿ ಬಳಸಿ. ಖನಿಜ ನೀರಿನ ಖಾಲಿ ಬಾಟಲಿ ಬೇಡ. ಕೈ ಸೋಪಿನಿಂದ ತೊಳೆದು ಒಣಗಿಸಿಕೊಳ್ಳಿ. ಮುಚ್ಚಳ ತೆಗೆದು ಕಟ್ಟೆಯ ಮೇಲಿಡಬೇಡಿ. ಎಡಗೈಯ ಕಿರುಬೆರಳು ಮತ್ತು ಅಂಗೈ ನಡುವೆ ಹಿಡಿದುಕೊಂಡೇ ಬಲಗೈಯಿಂದ ಬಾಟಲಿಯನ್ನು ತಲೆಕೆಳಗಾಗಿ ನೀರಿನೊಳಗೆ ಒಂದು ಗೇಣು ಇಳಿಸಿ, ಅಲ್ಲಿ ತಿರುಗಿಸಿ, ನೀರು ಬರುವ ದಿಕ್ಕಿಗೆ ಬಾಯಿ ಮಾಡಿ ತುಂಬಿಸಿ. ಮೇಲೆ ತೇಲುವ ಜಿಡ್ಡಿನ ಪದರವೂ ತಳದ ಕೆಸರೂ ಬಾಟಲಿಗೆ ಬರಬಾರದು. ಕತ್ತಿನವರೆಗೆ ತುಂಬಿಸದೆ ಸ್ವಲ್ಪ ಗಾಳಿ ಬಿಡಿ. ನಲ್ಲಿಯ ಮಾದರಿಯಾದರೆ ಒಂದೆರಡು ನಿಮಿಷ ನೀರು ಹರಿಯಲು ಬಿಟ್ಟು ಹಿಡಿಯಿರಿ. ನಗರದ ಕ್ಲೋರಿನ್ ಹಾಕಿದ ನೀರೆಂದು ಮೊದಲೇ ತಿಳಿಸಿದರೆ ಕ್ಲೋರಿನ್ ನಿಷ್ಕ್ರಿಯಗೊಳಿಸುವ ಥಯೋಸಲ್ಫೇಟ್ ಹಾಕಿದ ಬಾಟಲಿ ಕೊಡುತ್ತಾರೆ. ಎಲ್ಲವನ್ನೂ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ. ಶನಿವಾರ ಮಧ್ಯಾಹ್ನ ತೆಗೆದು ಸೋಮವಾರ ಕೊಟ್ಟ ಮಾದರಿಗೆ ಬೆಲೆಯಿಲ್ಲ.

ಇನ್ನು ನಾಲ್ಕು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಮೂಲ ನೀರಿನಲ್ಲೇ ಇ. ಕೋಲಿ ಇದ್ದರೆ ಉಳಿದ ಸಂಖ್ಯೆಗಳನ್ನು ಸದ್ಯಕ್ಕೆ ಮರೆತುಬಿಡಿ. ಸಂಪಿನ ಮುಚ್ಚಳ ಬಿರುಕು ಬಿಟ್ಟು ಅಂಗಳ ತೊಳೆದ ನೀರು ಒಳಗಿಳಿಯುತ್ತಿರಬಹುದು. ಶೌಚ ಗುಂಡಿಗೆ ಹತ್ತಿರದ ಬೋರ್‌ವೆಲ್ ಆಗಿರಬಹುದು. ತಾರಸಿಯ ಮಳೆ ನೀರನ್ನು ಮೊದಲ ಮಳೆಯ ಕೊಳೆ ಹೊರಹಾಕದೆ ನೇರ ಹಿಡಿಯುತ್ತಿರಬಹುದು. ಪಾರಿವಾಳ ಕೂರುವ ತಾರಸಿಯ ಮೊದಲ ಮಳೆ ನೀರು ಹಿಕ್ಕೆಯ ಕಷಾಯ, ಅಷ್ಟೇ.

ಮೂಲ ಶುದ್ಧವಾಗಿದ್ದು ಮೀನಿನ ತೊಟ್ಟಿಯಲ್ಲಿ ಸಂಖ್ಯೆ ಏರಿದ್ದರೆ ಕೊಳೆ ತೊಟ್ಟಿಗೇ ಬೀಳುತ್ತಿದೆ. ತೊಟ್ಟಿ ಶುದ್ಧವಾಗಿದ್ದು ಬೆಡ್‌ನಿಂದ ಹೊರಬರುವ ನೀರಿನಲ್ಲಿ ಸಂಖ್ಯೆ ಏರಿದ್ದರೆ ದೋಷ ಬೆಡ್‌ನದು. ಇಲ್ಲಿ ಮೊದಲು ಅನುಮಾನಿಸಬೇಕಾದದ್ದು ಬೆಕ್ಕನ್ನು. ಸಡಿಲವಾದ, ಮೇಲ್ಪದರ ಒಣಗಿರುವ ಕ್ಲೇ ಬಾಲ್ (ಸುಟ್ಟ ಜೇಡಿಮಣ್ಣಿನ ಉಂಡೆ) ಅಥವಾ ತೆಂಗಿನ ನಾರಿನ ಪುಡಿ ಬೆಕ್ಕಿಗೆ ಬಲು ಇಷ್ಟದ ಜಾಗ. ಗುಂಡಿ ತೋಡಿ, ಕೆಲಸ ಮುಗಿಸಿ, ನೀಟಾಗಿ ಮುಚ್ಚಿ ಹೋಗುತ್ತದೆ. ಮೇಲಿನಿಂದ ನೋಡಿದರೆ ಏನೂ ಕಾಣದು. ಬೆಕ್ಕಿನ ಮಲದಲ್ಲಿ ಇ. ಕೋಲಿಯ ಜೊತೆ ಟಾಕ್ಸೊಪ್ಲಾಸ್ಮಾ ಪರೋಪಜೀವಿಯೂ ಇರಬಹುದಾದ್ದರಿಂದ, ಮನೆಯಲ್ಲಿ ಗರ್ಭಿಣಿಯರಿದ್ದರೆ ಆ ಬೆಡ್‌ನ ಗೆಡ್ಡೆಯನ್ನು ಹಸಿಯಾಗಿ ಕೊಡುವ ಮಾತೇ ಇಲ್ಲ.

ನೀರು ಎಲ್ಲ ಕಡೆ ಶುದ್ಧ, ಗೆಡ್ಡೆಯ ಮೇಲೆ ಮಾತ್ರ ಇ. ಕೋಲಿ ಇದ್ದರೆ? ಕೊಯ್ದ ಕೈ, ಬುಟ್ಟಿ, ತೊಳೆದ ನೀರು, ಒರೆಸಿದ ಬಟ್ಟೆ ನೋಡಿ. ಅಥವಾ ಬೆಡ್‌ನ ಮೇಲ್ಪದರಕ್ಕೆ ಯಾರೋ ಗೊಬ್ಬರ ಹಾಕಿದ್ದಾರೆ.

ಒಂದು ಎಚ್ಚರಿಕೆ: ಒಂದು ಬಾರಿ ಸೊನ್ನೆ ಬಂದ ಮಾತ್ರಕ್ಕೆ ದೋಷವಿಲ್ಲ ಎನ್ನಲಾಗದು. ಹಿಕ್ಕೆ ದಿನವೂ ಬೀಳುವುದಿಲ್ಲ. ಮಳೆಯ ಮರುದಿನ ಸಂಖ್ಯೆ ಏರುವುದು ಸಾಮಾನ್ಯ. ಹೊಸದಾಗಿ ಸೇರದಿದ್ದರೆ ತೇಲುವ ಇ. ಕೋಲಿ ದಿನ ಕಳೆದಂತೆ ಇಳಿಯುತ್ತದೆ, ಆದರೆ ತಳದ ಕೆಸರಿನಲ್ಲಿ ಹೆಚ್ಚು ಕಾಲ ಬದುಕಿರುತ್ತದೆ. ಕೆಸರು ಕದಡಿದ ದಿನ ಮತ್ತೆ ಮೇಲೆ ಬರುತ್ತದೆ.

ನಮ್ಮ ಕಡೆಯ ವಿಶೇಷ ಅಪರಾಧಿ: ಜೀವಾಮೃತ

ಹೊರದೇಶದ ಅಕ್ವಾಪೋನಿಕ್ಸ್ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ, ನಮ್ಮಲ್ಲಿ ಇದೇ ಮೊದಲ ಪ್ರಶ್ನೆಯಾಗಬೇಕು. ಗಿಡ ಸೊರಗಿದೆ, ಎಲೆ ಹಳದಿಯಾಗಿದೆ ಎಂದು ಬೆಡ್‌ಗೆ ಒಂದು ಚೊಂಬು ಜೀವಾಮೃತ ಸುರಿದವರು ಕಡಿಮೆಯಿಲ್ಲ. 200 ಲೀಟರ್ ನೀರಿಗೆ 10 ಕಿಲೊ ಹಸಿ ಸಗಣಿ, ಗಂಜಲ, ಬೆಲ್ಲ, ದ್ವಿದಳ ಹಿಟ್ಟು ಕಲಸಿ ಹುಳಿ ಬರಿಸುವ ದ್ರವ ಅದು. ಬೆಲ್ಲ ತಿಂದು ಹೆಚ್ಚುವುದು ಒಳ್ಳೆಯ ಜೀವಾಣು ಮಾತ್ರ ಎಂದು ನಂಬುವುದು ಸುಲಭ. ವಿಷಕಾರಕ ಇ. ಕೋಲಿಯ ಮುಖ್ಯ ನೆಲೆ ದನದ ಕರುಳು ಎಂಬುದು ನಂಬಿಕೆಯ ಮಾತಲ್ಲ. ಹೊಲದಲ್ಲಿ ಬಿಸಿಲು, ಒಣ ಮಣ್ಣು, ಕಾಲ ಇವೆಲ್ಲ ಸೇರಿ ಅದನ್ನು ತಗ್ಗಿಸುತ್ತವೆ. ಅಕ್ವಾಪೋನಿಕ್ಸ್‌ನಲ್ಲಿ ಬೆಚ್ಚಗಿನ ನೀರು ಅದನ್ನು ಎಲ್ಲ ಗಿಡದ ಬುಡಕ್ಕೂ ಗಂಟೆ ಗಂಟೆಗೆ ಹಂಚುತ್ತದೆ. ವ್ಯವಸ್ಥೆ ಆರಂಭಿಸುವಾಗ ‘ಬ್ಯಾಕ್ಟೀರಿಯಾ ಕೂರಿಸಲು’ ಸಗಣಿ ನೀರು ಹಾಕುವುದೂ ಇದೇ ಸಾಲಿನದು. ನೈಟ್ರೀಕರಣದ ಬ್ಯಾಕ್ಟೀರಿಯಾ ಸಗಣಿಯಿಂದ ಬರಬೇಕಾಗಿಲ್ಲ. ಅಮೋನಿಯ ಇದ್ದರೆ ಕೆಲವು ವಾರಗಳಲ್ಲಿ ತಾವಾಗಿ ನೆಲೆಯೂರುತ್ತವೆ. ಅವಸರವಿದ್ದರೆ ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ವ್ಯವಸ್ಥೆಯ ಒಂದು ಹಿಡಿ ಜಲ್ಲಿ ತಂದು ಹಾಕಿ.

ಎಲೆ ಹಳದಿಯಾಗುವುದಕ್ಕೆ ಹೆಚ್ಚಿನ ಸಲ ಕಾರಣ ಕಬ್ಬಿಣದ ಕೊರತೆ. ಮೀನಿನ ಮೇವಿನಲ್ಲಿ ಅದು ಸಾಲುವಷ್ಟು ಇರುವುದಿಲ್ಲ. ಚೀಲೇಟೆಡ್ ಕಬ್ಬಿಣ, ಅಂದರೆ ಗಿಡ ಹೀರಿಕೊಳ್ಳುವಂತೆ ನೀರಿನಲ್ಲಿ ಕರಗಿಯೇ ಉಳಿಯುವ ಕಬ್ಬಿಣ, ಹಾಕಿದರೆ ತೀರಿತು.

ಇನ್ನೊಬ್ಬ ಅಪರಾಧಿ ಮೇವು. ಕೇಂದ್ರ ಸರ್ಕಾರ 2000ರಲ್ಲೇ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಿ, ಅದಕ್ಕೆ ಕೋಳಿ ಅಂಗಡಿಯ ಕರುಳು ಸುರಿಯುವ ತೊಟ್ಟಿಗಳು ಇಂದಿಗೂ ಇವೆ. ಆ ನೀರಿನಲ್ಲಿ ಇ. ಕೋಲಿಯಷ್ಟೇ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದ ಭಯವೂ ಇದೆ. ಅಂಥ ತೊಟ್ಟಿಗೆ ಜೋಡಿಸಿದ ಬೆಡ್‌ನಲ್ಲಿ ತಿನ್ನುವ ಯಾವುದನ್ನೂ ಬೆಳೆಯಬೇಡಿ. ದೋಷ ಪತ್ತೆಯ ಅಗತ್ಯವೇ ಇಲ್ಲ, ದೋಷ ಕಣ್ಣೆದುರೇ ಇದೆ.

ಹಲ್ಲಿಗಳ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಇರಬಹುದು. ರಾತ್ರಿ ತೊಟ್ಟಿಯ ಮೇಲೆ ದೀಪ ಉರಿಸಿದರೆ ಹುಳು ಬರುತ್ತದೆ, ಹುಳುವಿನ ಹಿಂದೆ ಹಲ್ಲಿ ಬರುತ್ತದೆ. ದೀಪ ಆರಿಸಿ. ಇಲಿಯ ಕುರುಹು ಕಂಡರೆ ಮಾತ್ರ ಲಘುವಾಗಿ ತೆಗೆದುಕೊಳ್ಳಬೇಡಿ. ಇಲಿಯ ಮೂತ್ರದಿಂದ ಹರಡುವ ಇಲಿಜ್ವರ ತಿನ್ನುವವರಿಗಿಂತ ಮೊದಲು ಬರಿಗೈಯಲ್ಲಿ ತೊಟ್ಟಿ ತೊಳೆಯುವವರಿಗೆ ತಗಲುತ್ತದೆ, ಚರ್ಮದ ಸಣ್ಣ ಗಾಯ ಸಾಕು. ಕರಾವಳಿ, ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಬೂಟು, ಕೈಗವಸು, ತೊಟ್ಟಿಗೆ ಸಣ್ಣ ಕಣ್ಣಿನ ಬಲೆ, ಮೇವಿನ ಚೀಲಕ್ಕೆ ತಗಡಿನ ಡಬ್ಬಿ.

ದುರಸ್ತಿ: ಗೆಡ್ಡೆಯನ್ನು ನೀರಿನಿಂದ ಎತ್ತಿ

ಪ್ರವೇಶದ ದಾರಿ ಮುಚ್ಚಿದ ಮೇಲೂ ಎರಡನೆಯ ಕೆಲಸ ಉಳಿದಿರುತ್ತದೆ. ಮೀನಿನ ನೀರು ತಿನ್ನುವ ಗೆಡ್ಡೆಗೆ ನೇರವಾಗಿ ತಾಗುವ ವಿನ್ಯಾಸವನ್ನೇ ಬದಲಿಸಬೇಕು. ನೀರಿನ ಮೇಲೆ ತೇಲುವ ಥರ್ಮೋಕೋಲ್ ಹಲಗೆಯ ತೂತಿನಲ್ಲಿ ಮೂಲಂಗಿ ನೆಟ್ಟಿದ್ದರೆ ಅದನ್ನು ಇವತ್ತೇ ಕಿತ್ತು ಹಾಕಿ. ಅಲ್ಲಿ ಗೆಡ್ಡೆ ಸರಿಯಾಗಿ ಬಲಿಯುವುದೂ ಇಲ್ಲ, ಗಬ್ಬು ನೀರಿನಲ್ಲಿ ಮುಳುಗಿರುವುದೂ ತಪ್ಪುವುದಿಲ್ಲ. ತುಂಬಿ ಇಳಿಯುವ ಜಲ್ಲಿ ಬೆಡ್ ಅದಕ್ಕಿಂತ ಎಷ್ಟೋ ವಾಸಿ, ಆದರೂ ಪ್ರತಿ ಸುತ್ತಿನಲ್ಲಿ ಗೆಡ್ಡೆ ನೆನೆಯುತ್ತದೆ. ಜೊತೆಗೆ ಚೂಪು ಜಲ್ಲಿಯಲ್ಲಿ ಕ್ಯಾರೆಟ್ ಕವಲೊಡೆದು, ಸಿಪ್ಪೆ ತರಚಿ ಬೆಳೆಯುತ್ತದೆ. ತರಚಿದ ಜಾಗದಿಂದ ಬ್ಯಾಕ್ಟೀರಿಯಾ ಒಳಗೂ ಸೇರಬಹುದು, ಆಮೇಲೆ ಎಷ್ಟು ತೊಳೆದರೂ ಹೋಗದು. ಆದ್ದರಿಂದ ಬಿರುಕು ಬಿಟ್ಟ, ಕವಲೊಡೆದ, ಹುಳು ಕೊರೆದ ಗೆಡ್ಡೆಯನ್ನು ಹಸಿ ತಿನ್ನುವ ಬುಟ್ಟಿಗೆ ಹಾಕಲೇಬಾರದು.

ನನಗೆ ಒಪ್ಪಿಗೆಯಾದದ್ದು ಬತ್ತಿಯಂತೆ ನೀರು ಹೀರುವ ಬೆಡ್. ತಳದಲ್ಲಿ ಜಲ್ಲಿ ಮತ್ತು ನೀರು, ಅದರ ಮೇಲೆ ನೀರು ಬಿಟ್ಟು ಪುಡಿ ತಡೆಯುವ ಜಿಯೊಟೆಕ್ಸ್‌ಟೈಲ್ ಬಟ್ಟೆ, ಬಟ್ಟೆಯ ಮೇಲೆ 30 ಸೆಂಟಿಮೀಟರ್‌ನಷ್ಟು ತೆಂಗಿನ ನಾರಿನ ಪುಡಿ. ನಡುವೆ ಒಂದು ತೂಬು; ನೀರು ಬಟ್ಟೆಯ ಮಟ್ಟ ಮುಟ್ಟುವ ಮೊದಲೇ ಹೊರಗೆ ಹರಿಯಬೇಕು. ತೇವ ತಾನಾಗಿ ಮೇಲೇರುತ್ತದೆ, ಗೆಡ್ಡೆ ಒದ್ದೆ ಪುಡಿಯಲ್ಲಿ ಬೆಳೆಯುತ್ತದೆ, ಹರಿಯುವ ನೀರಿನಲ್ಲಲ್ಲ. ಮೆತ್ತಗಿನ ಪುಡಿಯಲ್ಲಿ ಕ್ಯಾರೆಟ್ ನೆಟ್ಟಗೆ ಇಳಿಯುವುದೂ ಒಂದು ಲಾಭ. ಪುಡಿಯನ್ನು ಬಳಸುವ ಮೊದಲು ಉಪ್ಪು ಹೋಗುವಂತೆ ನೆನೆಸಿ ತೊಳೆಯಬೇಕು.

ಇದರ ಜೊತೆಗೆ ನೀರಿನ ದಾರಿಯನ್ನು ಒಮ್ಮುಖ ಮಾಡಿ. ಮೀನಿನ ತೊಟ್ಟಿಯಿಂದ ಬಂದ ನೀರು ಗೆಡ್ಡೆಯ ಬೆಡ್‌ಗೆ ಹೋಗಲಿ, ಮರಳಿ ತೊಟ್ಟಿಗೆ ಬರುವುದು ಬೇಡ. ಇಷ್ಟು ಮಾಡಿದರೆ ಮೀನಿಗೆ ತೊಂದರೆಯಾಗದಂತೆ ಬೆಡ್‌ನ ನೀರನ್ನು ಬೇಕಾದಂತೆ ಸಂಸ್ಕರಿಸುವ ಸ್ವಾತಂತ್ರ್ಯ ಸಿಗುತ್ತದೆ. ಕೊಯ್ಲಿಗೆ ಎರಡು ವಾರ ಇರುವಾಗ ಮೀನಿನ ನೀರನ್ನು ಪೂರ್ತಿ ನಿಲ್ಲಿಸಿ, ತಳದ ನೀರನ್ನು ಬಸಿದು, ಶುದ್ಧ ನೀರು ಕೊಡಿ. ಮೂಲಂಗಿಗೆ ಆ ಹೊತ್ತಿಗೆ ಬೇಕಾದ ಸಾರ ಪುಡಿಯಲ್ಲೇ ಉಳಿದಿರುತ್ತದೆ. ಇದರಿಂದ ಇ. ಕೋಲಿ ಇಳಿಯುತ್ತದೆ, ಸೊನ್ನೆಯಾಗಿದೆಯೇ ಎಂಬುದನ್ನು ಪರೀಕ್ಷೆಯೇ ಹೇಳಬೇಕು.

ನೀರಿನ ಕ್ರಿಮಿ ಕೊಲ್ಲುವ ಯುವಿ (ಅತಿನೇರಳೆ) ದೀಪ ಹಾಕಿದರೆ ಸಾಕಲ್ಲವೇ ಎಂದು ಕೇಳುವವರಿಗೆ: ದೀಪದ ಎದುರು ಹಾದುಹೋಗುವ ಬ್ಯಾಕ್ಟೀರಿಯಾವನ್ನು ಅದು ಕೊಲ್ಲುತ್ತದೆ, ಬೇರಿಗೆ ಮತ್ತು ಪೈಪಿನ ಒಳಗೋಡೆಗೆ ಅಂಟಿದ ಲೋಳೆಯಲ್ಲಿರುವುದನ್ನು ಮುಟ್ಟುವುದೂ ಇಲ್ಲ. ನೀರು ಚಹಾ ಬಣ್ಣದಲ್ಲಿದ್ದರೆ ಬೆಳಕು ಒಳಗೆ ಹೋಗುವುದಿಲ್ಲ, ಆದ್ದರಿಂದ ಕೆಸರು ಸೋಸುವ ಫಿಲ್ಟರ್ ದಾಟಿದ ಮೇಲೆಯೇ ದೀಪ ಕೂರಿಸಬೇಕು. ಗಡಸು ಬೋರ್‌ವೆಲ್ ನೀರಿದ್ದ ಕಡೆ ದೀಪದ ಗಾಜಿನ ಕೊಳವೆಯ ಮೇಲೆ ಬಿಳಿ ಸುಣ್ಣದ ಪದರ ಕಟ್ಟುತ್ತದೆ; ದೀಪ ನೀಲಿಯಾಗಿ ಉರಿಯುತ್ತಲೇ ಇರುತ್ತದೆ, ಕೆಲಸ ಮಾತ್ರ ನಡೆಯುತ್ತಿರುವುದಿಲ್ಲ. ಕೊಳವೆಯನ್ನು ಬಿಚ್ಚಿ ನಿಂಬೆ ಉಪ್ಪಿನ ದ್ರಾವಣದಲ್ಲಿ ಒರೆಸಿ. ವರ್ಷಕ್ಕೊಮ್ಮೆ ದೀಪ ಬದಲಿಸಿ, ಉರಿಯುತ್ತಿದ್ದರೂ. ಯುವಿ ಬೆಳಕು ಚೀಲೇಟೆಡ್ ಕಬ್ಬಿಣವನ್ನು ಒಡೆಯುತ್ತದೆ ಎಂಬುದೂ ನೆನಪಿರಲಿ. ದೀಪ ಹಾಕಿದ ತಿಂಗಳಲ್ಲೇ ಎಲೆ ಹಳದಿಯಾದರೆ ಮತ್ತೆ ಜೀವಾಮೃತದ ಚೊಂಬು ಎತ್ತಬೇಡಿ.

ಕುದಿಸಿದರೂ ಹೋಗದ ದೋಷ

ಇ. ಕೋಲಿಗೆ ಒಲೆಯ ಮುಂದೆ ಆಟ ನಡೆಯುವುದಿಲ್ಲ. ಗೆಡ್ಡೆಯ ಒಳಭಾಗ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ನಿಮಿಷ ನಿಂತರೆ ಸಾಯುತ್ತದೆ. ಸೀಸ, ಕ್ಯಾಡ್ಮಿಯಂ, ಮೀನಿನ ಔಷಧಗಳು ಹಾಗಲ್ಲ. ಸೀಸ ಗಿಡದೊಳಗೆ ಬಹುಪಾಲು ಬೇರಿನಲ್ಲೇ ನಿಲ್ಲುತ್ತದೆ, ನಾವು ತಿನ್ನುವುದೂ ಬೇರನ್ನೇ.

ಇಲ್ಲಿ ಪರೀಕ್ಷೆಗಿಂತ ವಿಚಾರಣೆ ಅಗ್ಗ. ನೀಲಿ ಡ್ರಮ್ಮನ್ನು ಗುಜರಿಯಿಂದ ತಂದಿದ್ದರೆ ಅದರಲ್ಲಿ ಮೊದಲು ಏನಿತ್ತು ಎಂದು ಕೇಳಿ. ಚೀಟಿ ಕಿತ್ತು ಹೋಗಿದ್ದು ಮಾರಿದವನಿಗೂ ಗೊತ್ತಿಲ್ಲದಿದ್ದರೆ ಅದು ಹೂಗಿಡಕ್ಕೆ. ಪೈಪ್ ಜೋಡಣೆಯಲ್ಲಿ ಹಿತ್ತಾಳೆ ಅಥವಾ ಸತು ಲೇಪಿಸಿದ ಕಬ್ಬಿಣದ ತುಂಡು ಇದೆಯೇ? ನೀರಿನ ಪಿಎಚ್ 7ಕ್ಕಿಂತ ಕೆಳಗಿಳಿದಂತೆ, ಅಂದರೆ ಆಮ್ಲೀಯವಾದಂತೆ, ತಾಮ್ರ, ಸತು ನೀರಿಗೆ ಬಿಟ್ಟುಕೊಳ್ಳುವುದು ಹೆಚ್ಚುತ್ತದೆ. ಮೀನಿಗೆ ಅದು ಮೊದಲು ತಟ್ಟುತ್ತದೆ. ಪಾಚಿಗೆಂದು ಮೈಲುತುತ್ತ ಹಾಕಿದ್ದೀರಾ? ಮೀನಿಗೆ ಬಿಳಿಚುಕ್ಕೆ ಬಂತೆಂದು ಅಕ್ವೇರಿಯಂ ಅಂಗಡಿಯ ಹಸಿರು ಹನಿ ಹಾಕಿದ್ದೀರಾ? ಅಲಂಕಾರಿಕ ಮೀನಿನ ಎಷ್ಟೋ ಔಷಧಗಳಲ್ಲಿ ಮಲಕೈಟ್ ಗ್ರೀನ್ ಎಂಬ ರಾಸಾಯನಿಕ ಬಣ್ಣ ಇರುತ್ತದೆ. ತಿನ್ನುವ ಮೀನಿಗೆ ಅದು ನಿಷಿದ್ಧ. ಅಲಂಕಾರದ ಕೋಯಿ ಮೀನನ್ನು ನಾವು ತಿನ್ನುವುದಿಲ್ಲವಲ್ಲ ಎಂದರೆ, ಅದೇ ನೀರಿನ ಕ್ಯಾರೆಟ್ಟನ್ನು ತಿನ್ನುತ್ತೀರಲ್ಲ. ಮೀನಿಗೆ ಚಿಕಿತ್ಸೆ ಬೇಕಿದ್ದರೆ ಬೇರೆ ತೊಟ್ಟಿಗೆ ಎತ್ತಿ ಹಾಕಿ, ಆ ನೀರನ್ನು ಬೆಡ್‌ಗೆ ಬಿಡಬೇಡಿ. ಕೆನಡಾದ ತರಕಾರಿ ಸುರಕ್ಷತಾ ಪ್ರಮಾಣೀಕರಣ ಯೋಜನೆ ಕೆನಡಾಗ್ಯಾಪ್ 2020ರಲ್ಲಿ ಅಕ್ವಾಪೋನಿಕ್ಸ್ ಬೆಳೆಗೆ ಪ್ರಮಾಣಪತ್ರ ಕೊಡುವುದನ್ನು ನಿಲ್ಲಿಸಿದ್ದರ ಹಿಂದೆ ಇಂಥ ರಾಸಾಯನಿಕ ಉಳಿಕೆಗಳ ಆತಂಕವಿತ್ತು.

ಮೂಲ ನೀರಿನ ಊರೂ ಮುಖ್ಯ. ಹಟ್ಟಿ ಚಿನ್ನದ ಗಣಿಯ ಸುತ್ತಿನ ರಾಯಚೂರು, ಯಾದಗಿರಿ ಭಾಗದ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿದೆ. ಅಲ್ಲಿ ಬೋರ್‌ವೆಲ್ ನೀರಿನ ಲೋಹ ಪರೀಕ್ಷೆ ಮಾಡಿಸದೆ ಗೆಡ್ಡೆ ಬೆಳೆಯುವುದು ಬೇಡ. ತೊಟ್ಟಿಯ ನೀರು ಆವಿಯಾಗುತ್ತಾ, ನಾವು ಮೇಲೆ ತುಂಬಿಸುತ್ತಾ ಹೋದಂತೆ ಕರಗಿದ ಲವಣ, ಲೋಹಗಳು ಅಲ್ಲೇ ಗಟ್ಟಿಯಾಗುತ್ತವೆ.

ನೈಟ್ರೇಟ್ ಬಗ್ಗೆ ಎರಡೇ ಮಾತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹಾಕಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ತೊಟ್ಟಿಯಲ್ಲಿ ಅದನ್ನು ಮೀರುವುದು ಸಾಮಾನ್ಯ, ಗಿಡಕ್ಕೆ ಅದೇ ಊಟ. ಆದರೆ ಬೀಟ್‌ರೂಟ್, ಮೂಲಂಗಿ ನೈಟ್ರೇಟನ್ನು ಕೂಡಿಟ್ಟುಕೊಳ್ಳುವ ಜಾತಿಯವು. ಆರು ತಿಂಗಳೊಳಗಿನ ಕೂಸಿಗೆ ಬೀಟ್‌ರೂಟ್ ರಸ ಬೇಡವೇ ಬೇಡ; ದೊಡ್ಡ ಮಗುವಿಗೆ ಬೇಯಿಸಿ ಅರೆದದ್ದನ್ನು ಹೊರಗಿಟ್ಟು ಸಂಜೆ ಕೊಡಬೇಡಿ.

ಅಡುಗೆಮನೆಯಲ್ಲಿ

ಅದೇ ಮೂಲಂಗಿ ಹುಳಿಗೆ ಬಿದ್ದರೆ ಒಂದು ಲೆಕ್ಕ, ಕೋಸಂಬರಿಗೆ ತುರಿದರೆ ಇನ್ನೊಂದು. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯ ಪಕ್ಕಕ್ಕೆ ಮೂಲಂಗಿಯನ್ನು ಎಲೆ ಸಮೇತ ಹಸಿಯಾಗಿಯೇ ಇಡುತ್ತಾರೆ. ಮಾವಿನಶುಂಠಿಯ ಚಟ್ನಿಯೂ ಹಸಿಯೇ. ಕೆಸುವಿನ ಗೆಡ್ಡೆಯನ್ನು ಯಾರೂ ಹಸಿ ತಿನ್ನರು, ಬಾಯಿ ತುರಿಸೀತು. ಹಾಗಾಗಿ ಅನುಮಾನವಿರುವ ಬೆಡ್‌ನಲ್ಲಿ ಗೆಡ್ಡೆ ಬೇಕೇಬೇಕೆಂದರೆ ಕೆಸು ಹಾಕಿ: ಅದಕ್ಕೆ ಒದ್ದೆ ನೆಲ ಒಗ್ಗುತ್ತದೆ, ಮತ್ತು ಚೆನ್ನಾಗಿ ಬೇಯದೆ ಅದು ತಟ್ಟೆಗೆ ಬರುವುದಿಲ್ಲ. ನವಿಲುಕೋಸು ಇನ್ನೂ ಜಾಣತನ. ಅದು ಉಬ್ಬಿದ ಕಾಂಡ, ಬೆಡ್‌ನ ಮೇಲೆ ಬೆಳೆಯುತ್ತದೆ.

ಮಣ್ಣಿನಲ್ಲಿ ಬೆಳೆದದ್ದೆಲ್ಲ ಪರಿಶುದ್ಧ ಎಂದು ಇದರರ್ಥವಲ್ಲ. 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ಇ. ಕೋಲಿಯಿಂದಾಗಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದದ್ದು ಹೊಲದ ಸಾವಯವ ಕ್ಯಾರೆಟ್ಟನ್ನು. ಇತ್ತ 1996ರಲ್ಲಿ ಜಪಾನಿನ ಸಕಾಯಿ ನಗರದಲ್ಲಿ ಸಾವಿರಾರು ಶಾಲಾ ಮಕ್ಕಳನ್ನು ಮಲಗಿಸಿದ ಇ. ಕೋಲಿ ಪ್ರಕರಣದಲ್ಲಿ ಬೆರಳು ತೋರಿಸಿದ್ದು ನೀರಿನಲ್ಲಿ ಬೆಳೆದ ಮೂಲಂಗಿ ಮೊಳಕೆಯ ಕಡೆಗೆ. ವಿಷಕಾರಕ ತಳಿ ಐದು ವರ್ಷದೊಳಗಿನ ಮಕ್ಕಳ ಮೂತ್ರಪಿಂಡಕ್ಕೇ ಪೆಟ್ಟು ಕೊಡಬಲ್ಲದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ವರದಿ ಬರುವವರೆಗೆ ಹಸಿ ಗೆಡ್ಡೆ ಬಂದ್.

ತೊಳೆಯುವಾಗ ಮೊದಲು ಎಲೆ ಕತ್ತರಿಸಿ ಬೇರ್ಪಡಿಸಿ, ಹರಿಯುವ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ. ಆಮೇಲೆಯೇ ಕ್ಲೋರಿನ್. ಮಣ್ಣು, ನಾರಿನ ಪುಡಿ ಅಂಟಿದ್ದರೆ ಕ್ಲೋರಿನ್ ಅದರ ಮೇಲೆಯೇ ಖರ್ಚಾಗಿ ಹೋಗುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ತರಕಾರಿ ತೊಳೆಯಲು ಹೇಳಿದ ಕ್ಲೋರಿನ್ ಪ್ರಮಾಣ 50 ಪಿಪಿಎಂ, ಅಂದರೆ ಲೀಟರಿಗೆ 50 ಮಿಲಿಗ್ರಾಂ. ಸುವಾಸನೆ ಸೇರಿಸದ ಶೇ 5ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವಾದರೆ ಲೀಟರ್ ನೀರಿಗೆ 1 ಮಿ.ಲೀ. ಸಾಕು. ಕೆಲವು ನಿಮಿಷ ಮುಳುಗಿಸಿ, ಕುಡಿಯುವ ನೀರಿನಲ್ಲಿ ಜಾಲಿಸಿ, ಸಿಪ್ಪೆ ಹೆರೆಯಿರಿ. ಹೆರೆದ ಮೇಲೆ ಮಣೆ, ಚಾಕು ತೊಳೆದು ತುರಿಯಿರಿ. ಈ ಬಳಸಿದ ನೀರನ್ನು ತೊಟ್ಟಿಗೆ ಚೆಲ್ಲಬೇಡಿ ಎಂದು ಹೇಳಬೇಕಾಗಿ ಬಂದಿರುವುದು ವಿಚಿತ್ರ, ಆದರೆ ಚೆಲ್ಲಿದವರಿದ್ದಾರೆ.

ತುದಿ ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರುವ ಗೆಡ್ಡೆಯನ್ನು ತೊಳೆಯುವ ಶ್ರಮ ಬೇಡ. ಬೆಡ್‌ನ ತಳದಲ್ಲಿ ಕೆಸರು ಕಟ್ಟಿ ಗಾಳಿಯಾಡುತ್ತಿಲ್ಲ, ಜಲ್ಲಿ ತೆಗೆದು ತೊಳೆಯುವ ಕಾಲ ಬಂದಿದೆ. ಬರೀ ಮಣ್ಣಿನ ವಾಸನೆ, ಮೊದಲ ಮಳೆಯಂಥ ವಾಸನೆ ಬಂದರೆ ಅದು ಜಿಯೊಸ್ಮಿನ್ ಎಂಬ ವಸ್ತುವಿನದು. ಅದರಿಂದ ಅಪಾಯವಿಲ್ಲ, ರುಚಿ ಕೆಡುತ್ತದೆ ಅಷ್ಟೇ.

ಮತ್ತೆ ಬಿತ್ತುವುದು ಯಾವಾಗ

ದಾರಿ ಮುಚ್ಚಿ, ಕೆಸರು ತೆಗೆದು, ಸದ್ಯದ ಬೆಳೆಯನ್ನು ಹುಳಿಗೋ ಪಲ್ಯಕ್ಕೋ ಬೇಯಿಸಿ ಮುಗಿಸಿದ ಮೇಲೆ ಮತ್ತೆ ಅದೇ ನಾಲ್ಕು ಜಾಗಗಳ ಮಾದರಿ ತೆಗೆಯಿರಿ. ಎರಡು ಸುತ್ತು ಸೊನ್ನೆ ಬರಬೇಕು, ಅದರಲ್ಲೊಂದು ಸುತ್ತು ಮಳೆಯ ಮರುದಿನದ್ದಾಗಿರಬೇಕು. ಆಮೇಲೆ ಹಸಿ ತಿನ್ನುವ ಮೂಲಂಗಿ ಬಿತ್ತಿ. ಬಿತ್ತಿದ ದಿನವೇ ಕೊಯ್ಲಿಗೆ ಹತ್ತು ದಿನ ಮುಂಚಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ, ಅವತ್ತು ಬೆಡ್‌ನ ನೀರನ್ನು ಇನ್ನೊಮ್ಮೆ ಪರೀಕ್ಷೆಗೆ ಕೊಡಬೇಕು. ವರದಿ ಬರಲು ಮೂರ್ನಾಲ್ಕು ದಿನ ಹಿಡಿಯುತ್ತದೆ, ಮೂಲಂಗಿ ಅಷ್ಟು ದಿನ ಬೆಡ್‌ನಲ್ಲಿ ಕಾಯುತ್ತದೆ.